ಡ್ರೋನ್ ಅಂದ್ರೆ ಲಿಫ್ಟ್ ಅಲ್ಲ ಸ್ವಾಮಿ: ನೆಟ್ಟಗೆ ಹತ್ತಿಸೋದು, ಇಳಿಸೋದು ಹೇಗೆ?

ಹೊಸದಾಗಿ ಡ್ರೋನ್ ತಗೊಂಡೋರು ಮೇಲಕ್ಕೆ ಹತ್ತಿಸೋವಾಗ ಬ್ಯಾಟರಿ ಖಾಲಿ ಆಗುತ್ತೆ ಅಂತ ಹೆದರ್ತಾರೆ, ಇಳಿಸೋವಾಗ ಮಾತ್ರ ಧೈರ್ಯವಾಗಿ ರಿಮೋಟಿನ ಸ್ಟಿಕ್ ಪೂರ್ತಿ ಕೆಳಗೆ ಎಳೀತಾರೆ. ಹೆದರ್ಬೇಕಾಗಿರೋದು ಇಳಿಸೋವಾಗ.

ಒಂದು ಲೆಕ್ಕ ನೋಡಿ. ಡಿಜೆಐ ಮಿನಿ 2 ಅನ್ನೋ ಪುಟ್ಟ ಡ್ರೋನಿನ ತೂಕ 249 ಗ್ರಾಂ, ಬ್ಯಾಟರಿಲಿ ಹಿಡಿಯೋ ಶಕ್ತಿ 17.3 ವ್ಯಾಟ್-ಅವರ್. 2021ರ ಡ್ರೋನ್ ರೂಲ್ಸ್ ಪ್ರಕಾರ ಗ್ರೀನ್ ಝೋನಲ್ಲಿ (ಸರ್ಕಾರದ ಡ್ರೋನ್ ನಕ್ಷೇಲಿ ಹಸಿರು ಗುರುತಿರೋ ಜಾಗ) ಪರ್ಮಿಶನ್ ಇಲ್ದೆ 120 ಮೀಟರ್ ತನಕ ಹೋಗ್ಬಹುದು, ಅಷ್ಟೆತ್ತರಕ್ಕೆ ಈ ತೂಕ ಎತ್ತೋಕೆ ಬೇಕಾಗೋದು ಸುಮಾರು 0.08 ವ್ಯಾಟ್-ಅವರ್, ಅಂದ್ರೆ ಬ್ಯಾಟರಿಯ ಅರ್ಧ ಪರ್ಸೆಂಟೂ ಇಲ್ಲ, ಮೋಟಾರಲ್ಲಿ ರೆಕ್ಕೇಲಿ ಸೋರಿ ಹೋಗೋದು ಸೇರಿಸಿದ್ರೂ ಒಂದೆರಡು ಪರ್ಸೆಂಟ್. ಅದೇ ಸುಮ್ನೆ ಗಾಳೀಲಿ ನಿಂತಿದ್ರೆ ನಿಮಿಷಕ್ಕೆ 3 ಪರ್ಸೆಂಟ್ ಮೇಲೇ ಹೋಗುತ್ತೆ! ತುಂಬಿದ ಕೊಡ ಹೊತ್ತು ಮೆಟ್ಲು ಹತ್ತೋದಕ್ಕಿಂತ ಹೊತ್ಕೊಂಡು ನಿಂತಿರೋದೇ ಇಲ್ಲಿ ಸುಸ್ತು. ಸೆಕೆಂಡಿಗೆ 2 ಮೀಟರ್ ಹತ್ತಿದ್ರೆ 120 ಮೀಟರಿಗೆ ಒಂದು ನಿಮಿಷ, 5 ಮೀಟರ್ ಹತ್ತಿದ್ರೆ 24 ಸೆಕೆಂಡ್, ಹಾಗಾಗಿ ನಿಧಾನಕ್ಕೆ ಹತ್ತಿಸಿ ಬ್ಯಾಟರಿ ಉಳಿಸ್ತೀನಿ ಅನ್ನೋದು ಸುಳ್ಳು ಲೆಕ್ಕ.

ಸರಿ, ಹತ್ತಿಸೋದು ಹೇಗೆ? ಮೊದ್ಲು ಆಳೆತ್ತರಕ್ಕೆ ಎತ್ತಿ ಹತ್ತು ಸೆಕೆಂಡ್ ನಿಲ್ಸಿ, ಒಂದು ಕಡೆ ಜಾರ್ತಾ ಇದ್ಯಾ, ಸೌಂಡ್ ಬೇರೆ ಥರ ಇದ್ಯಾ ನೋಡಿ. ಆಮೇಲೆ ಜೋರಾಗೇ ಹತ್ತಿಸಿ, ಆದ್ರೆ ಫುಲ್ ಥ್ರಾಟಲ್ ಬೇಡ, ಅಂದ್ರೆ ಮೋಟಾರಿಗೆ ಇರೋ ಪವರೆಲ್ಲಾ ಕೊಡ್ಬೇಡಿ. ಯಾಕಂದ್ರೆ ಡ್ರೋನ್ ನೆಟ್ಟಗೆ ನಿಲ್ಲೋದೇ ನಾಲ್ಕು ಮೋಟಾರಲ್ಲಿ ಒಂದನ್ನ ಸ್ವಲ್ಪ ಜಾಸ್ತಿ, ಇನ್ನೊಂದನ್ನ ಕಮ್ಮಿ ತಿರುಗ್ಸಿ, ನಾಲ್ಕೂ ಆಗ್ಲೇ ಫುಲ್ ಓಡ್ತಿದ್ರೆ ಗಾಳಿ ಹೊಡೆದಾಗ ಸರಿ ಮಾಡ್ಕೊಳ್ಳೋಕೆ ಜಾಗ ಎಲ್ಲಿದೆ? ಬ್ಯಾಟರಿ ಕಮ್ಮಿ ಇದ್ದಾಗಂತೂ ಫುಲ್ ಥ್ರಾಟಲ್ ಕೊಟ್ರೆ ವೋಲ್ಟೇಜ್ ದಡಕ್ಕಂತ ಬೀಳುತ್ತೆ. ಬೆಟ್ಟದ ಮೇಲೆ ಇನ್ನೂ ಹುಷಾರು, ಮುಳ್ಳಯ್ಯನಗಿರಿಯಷ್ಟು ಅಂದ್ರೆ 1930 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಬರೀ ನಿಲ್ಲೋಕೇ ಸುಮಾರು ಹತ್ತು ಪರ್ಸೆಂಟ್ ಜಾಸ್ತಿ ಪವರ್ ಬೇಕು.

ಈಗ ಇಳಿಸೋದು. ರೆಕ್ಕೆಗಳು ಗಾಳೀನ ಕೆಳಕ್ಕೆ ತಳ್ತಿರುತ್ವೆ, ನೀವು ಅದೇ ಗಾಳಿಯೊಳಗೆ ನೆಟ್ಟಗೆ ಇಳಿದ್ರೆ ಆ ಗಾಳಿ ರೆಕ್ಕೆ ಅಂಚಿಂದ ಸುತ್ತಿ ಮತ್ತೆ ಮೇಲಿಂದ ಒಳಗೆ ಬರುತ್ತೆ, ಕೋಡುಬಳೆ ಆಕಾರದಲ್ಲಿ ಸುತ್ತುತ್ತೆ ಅನ್ಕೊಳ್ಳಿ, ಆಗ ರೆಕ್ಕೆಗೆ ಹಿಡಿತ ತಪ್ಪಿ ಡ್ರೋನ್ ಕುಸಿಯುತ್ತೆ. ಇದಕ್ಕೆ ವೋರ್ಟೆಕ್ಸ್ ರಿಂಗ್ ಸ್ಟೇಟ್ ಅಂತಾರೆ, ಹೆಲಿಕಾಪ್ಟರ್ ಪೈಲಟ್‌ಗಳಿಗೂ ಇದು ಅಂದ್ರೆ ಭಯ. ಮಿನಿ 2 ಗಾತ್ರದ ಡ್ರೋನ್ ಕೆಳಕ್ಕೆ ತಳ್ಳೋ ಗಾಳಿಯ ವೇಗ ನನ್ನ ಲೆಕ್ಕದಲ್ಲಿ ಸೆಕೆಂಡಿಗೆ 5 ಮೀಟರ್ ಹತ್ರ, ಅದರ ಅರ್ಧದಷ್ಟು ವೇಗದಲ್ಲಿ ಇಳಿದ್ರೇನೇ ನಡುಕ ಶುರು. ಅದರ ಅತಿ ವೇಗದ ಸ್ಪೋರ್ಟ್ ಮೋಡಲ್ಲೂ ಹತ್ತೋಕೆ ಸೆಕೆಂಡಿಗೆ 5 ಮೀಟರ್ ತನಕ ಅವಕಾಶ ಕೊಟ್ಟು ಇಳಿಯೋಕೆ ಬರೀ 3.5ಕ್ಕೆ ಕಂಪನಿ ಕಟ್ಟಿ ಹಾಕಿರೋದು ಸುಮ್ನೆ ಅಲ್ಲ.

ನಾನೇ ಜೋಡಿಸಿದ ಒಂದು ನಾಲ್ಕು ಮೋಟಾರಿನ ಡ್ರೋನ್ ಇತ್ತು, ಅದರಲ್ಲಿ ಈ ಥರ ಮಿತಿ ಏನೂ ಹಾಕಿರ್ಲಿಲ್ಲ. ತೋಟದ ಮೇಲೆ 60 ಮೀಟರಿಂದ ನೆಟ್ಟಗೆ ಬಿಟ್ಟೆ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕುಲುಕ್ತು, ಗಾಬರಿಲಿ ಥ್ರಾಟಲ್ ಕೊಟ್ಟೆ, ಇನ್ನೂ ಕುಸೀತು, ಕೊನೆಗೆ ಅಡಿಕೆ ಸೋಗೆ ಮೇಲೆ ಕೂತ್ಕೊಂಡಿದ್ದನ್ನ ಅಡಿಕೆ ಕೊನೆ ಇಳಿಸೋ ಕೊನೆಗೌಡ ಹತ್ತಿ ತೆಗೆದ್ಕೊಟ್ಟ, ಇಷ್ಟಗಲ ನಗು ಬೇರೆ.

ಹಾಗೆ ಕುಲುಕಿದ್ರೆ ಥ್ರಾಟಲ್ ಮುಟ್ಬೇಡಿ, ಮುಂದಕ್ಕೋ ಪಕ್ಕಕ್ಕೋ ತಳ್ಳಿ, ಹೊಸ ಗಾಳಿ ಸಿಕ್ಕಿದ ತಕ್ಷಣ ಸುಮ್ನಾಗುತ್ತೆ. ಅದಕ್ಕಿಂತ ಮೊದ್ಲಿಂದ್ಲೇ ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದ ಹಾಗೆ ಸುತ್ತು ಹಾಕ್ತಾ ಇಳಿಸಿ. ನಿಧಾನಕ್ಕೆ ಮುಂದೆ ಹೋಗೋಕೆ ನಿಂತಿರೋದಕ್ಕಿಂತ ಕಮ್ಮಿ ಪವರ್ ಸಾಕು, ಬ್ಯಾಟರಿಗೂ ಲಾಭ. ಇಳಿಸೋಕೆ ಟೈಮ್ ಬೇಕಲ್ಲ, ಅದಕ್ಕೆ 30 ಪರ್ಸೆಂಟ್ ಇದ್ದಾಗ್ಲೇ ಶುರು ಮಾಡಿ.

ಕೊನೇ ಒಂದಡಿಯಲ್ಲಿ ನೆಲಕ್ಕೆ ಬಡಿದ ಗಾಳಿ ಡ್ರೋನನ್ನ ತೇಲಿಸುತ್ತೆ, ಅಲ್ಲೇ ಆಟ ಆಡ್ತಾ ನಿಲ್ಲಿಸ್ಬೇಡಿ, ಸ್ಟಿಕ್ ಕೆಳಗೆ ಹಿಡಿದು ಕೂರಿಸ್ಬಿಡಿ. ಅಂಗಳದ ಧೂಳು ಮೋಟಾರಿಗೆ ಹೋಗ್ದೇ ಇರೋಕೆ ನಾನು ಒಂದು ಗೋಣಿಚೀಲ ಹಾಸಿ ನಾಲ್ಕು ಮೂಲೆಗೂ ಕಲ್ಲಿಡ್ತೀನಿ.