ಹಳೇ ಗೇಮ್ ಕನ್ಸೋಲನ್ನು ಎಫ್‌ಪಿಜಿಎ ಒಳಗೆ ಕಟ್ಟಿದ ನನ್ನ ಅನುಭವ

"ಎಫ್‌ಪಿಜಿಎ ಅಂದರೆ ಎಮ್ಯುಲೇಟರ್ ಅಲ್ಲ, ಅದು ಅಸಲಿ ಯಂತ್ರವೇ" ಅಂತ ಹೇಳುವವರು ಬಹಳ ಜನ ಇದ್ದಾರೆ. ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್, ಎಮ್ಯುಲೇಟರ್ ಅಂದರೆ ಒಂದು ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್. ನಿಂಟೆಂಡೊ ಎನ್‌ಇಎಸ್ ಕನ್ಸೋಲನ್ನು ವೆರಿಲಾಗ್ ಎಂಬ ಸರ್ಕ್ಯೂಟ್ ಬರೆಯುವ ಭಾಷೆಯಲ್ಲಿ ಮೊದಲಿಂದ ಬರೆದು ಓಡಿಸಿದ ಮೇಲೆ ನನಗೆ ಈ ಮಾತನ್ನು ಒಪ್ಪೋಕೆ ಆಗುತ್ತಿಲ್ಲ. ಎಫ್‌ಪಿಜಿಎ ಒಳಗೆ ಕೂರುವುದು ನಾವು ಎಷ್ಟು ಅರ್ಥ ಮಾಡಿಕೊಂಡಿದ್ದೇವೋ ಅಷ್ಟೇ. ನಮಗೆ ಗೊತ್ತಿಲ್ಲದ್ದು ಅದಕ್ಕೂ ಗೊತ್ತಿರುವುದಿಲ್ಲ. ಮೆಸೆನ್‌ನಂಥ ಒಳ್ಳೇ ಸಾಫ್ಟ್‌ವೇರ್ ಎಮ್ಯುಲೇಟರ್ ಎಷ್ಟೋ ಎಫ್‌ಪಿಜಿಎ ಕೋರ್‌ಗಳಿಗಿಂತ (ಎಫ್‌ಪಿಜಿಎಗೆ ಬರೆದ ಯಂತ್ರದ ವಿನ್ಯಾಸಗಳಿಗಿಂತ) ನಿಖರವಾಗಿದೆ. ನನ್ನ ಕೋರ್ ಸರಿ ಇದೆಯಾ ಅಂತ ನೋಡೋಕೆ ನಾನೇ ಅದರ ಜೊತೆ ಹೋಲಿಸುತ್ತಿದ್ದೆ.

ಹಾಗಾದರೆ ಎಫ್‌ಪಿಜಿಎ ಯಾಕೆ? ಹಳೇ ಕನ್ಸೋಲ್‌ನಲ್ಲಿ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಸಾಫ್ಟ್‌ವೇರ್ ಅದನ್ನು ಒಂದಾದ ಮೇಲೊಂದರಂತೆ ಮಾಡಿ, ಒಟ್ಟಿಗೆ ನಡೆದಂತೆ ತೋರಿಸಬೇಕು. ಎಫ್‌ಪಿಜಿಎಯಲ್ಲಿ ಬರೆದದ್ದು ನಿಜವಾಗಿಯೂ ಒಟ್ಟಿಗೇ ನಡೆಯುತ್ತದೆ. ಜೊತೆಗೆ ಗುಂಡಿ ಒತ್ತಿದ್ದಕ್ಕೂ ಚಿತ್ರ ಬದಲಾದದ್ದಕ್ಕೂ ನಡುವೆ ಆಪರೇಟಿಂಗ್ ಸಿಸ್ಟಂ ಅಂತ ಏನೂ ಇರುವುದಿಲ್ಲ. ನನಗೆ ಇಷ್ಟು ಸಾಕಾಯಿತು. ಸುಮ್ನೆ ಆಟ ಆಡೋದೇ ಗುರಿಯಾದರೆ ಇಷ್ಟೆಲ್ಲ ಕಷ್ಟ ಬೇಡ. ಮಿಸ್ಟರ್ ಎಂಬ ಓಪನ್ ಸೋರ್ಸ್ ಯೋಜನೆ ಇದೆ, ಡಿಇ10-ನ್ಯಾನೊ ಎಂಬ ಎಫ್‌ಪಿಜಿಎ ಬೋರ್ಡ್ ಮೇಲೆ ಹತ್ತಾರು ಹಳೇ ಯಂತ್ರಗಳನ್ನು ಓಡಿಸುತ್ತದೆ.

ಎಫ್‌ಪಿಜಿಎ ಗೊತ್ತಿಲ್ಲದವರಿಗೆ ಎರಡು ಮಾತು. ಅದರೊಳಗೆ ಸಾವಿರಾರು ಪುಟ್ಟ ಕೋಷ್ಟಕಗಳಿರುತ್ತವೆ. ನಾಲ್ಕು ಇನ್‌ಪುಟ್ ಕೊಟ್ಟರೆ ಒಂದು ಉತ್ತರ, ಅದೂ ಒಂದೇ ಬಿಟ್. ಯಾವ ಇನ್‌ಪುಟ್‌ಗೆ ಯಾವ ಉತ್ತರ, ಯಾವ ಕೋಷ್ಟಕದ ಉತ್ತರ ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಾವು ತುಂಬುತ್ತೇವೆ. ಇಂಥ ಮೊದಲ ಚಿಪ್ ಅನ್ನು ಜೈಲಿಂಕ್ಸ್ ಕಂಪನಿ 1985ರಲ್ಲಿ ಹೊರತಂದಿತು. ಎನ್‌ಇಎಸ್ ಅಮೆರಿಕದ ಅಂಗಡಿಗಳಿಗೆ ಬಂದದ್ದೂ ಅದೇ ವರ್ಷ. ಆ ಚಿಪ್‌ನಲ್ಲಿ ಇದ್ದದ್ದು ಇಂಥ ಕೋಷ್ಟಕದ 64 ಬ್ಲಾಕ್. ನಾನು ಬಳಸಿದ ಟ್ಯಾಂಗ್ ನ್ಯಾನೊ 20ಕೆ ಬೋರ್ಡ್‌ನ ಗೋವಿನ್ ಚಿಪ್‌ನಲ್ಲಿ 20736 ಕೋಷ್ಟಕಗಳಿವೆ, ಜೊತೆಗೆ ಚಿಪ್ ಒಳಗಿನ ಮೆಮೊರಿಯಾಗಿ 828 ಕಿಲೋಬಿಟ್ ಬ್ಲಾಕ್ ರ‍್ಯಾಮ್. ಒಂದು ಎನ್‌ಇಎಸ್‌ಗೆ ಇದು ಧಾರಾಳ.

ಎನ್‌ಇಎಸ್‌ನ ಹೃದಯ 21.477272 ಮೆಗಾಹರ್ಟ್ಸ್‌ನ ಒಂದು ಕ್ಲಾಕ್, ಅಂದರೆ ಎಲ್ಲಕ್ಕೂ ತಾಳ ಹಾಕುವ ಸಿಗ್ನಲ್. ಅದನ್ನು 12ರಿಂದ ಭಾಗಿಸಿದರೆ ಪ್ರೊಸೆಸರ್ ವೇಗ, 4ರಿಂದ ಭಾಗಿಸಿದರೆ ಚಿತ್ರದ ಚಿಪ್‌ನ, ಅಂದರೆ ಪಿಪಿಯು ವೇಗ. ಪ್ರೊಸೆಸರ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಪಿಪಿಯು ಮೂರು ಡಾಟ್ (ಒಂದು ಡಾಟ್ ಅಂದರೆ ಒಂದು ಪಿಕ್ಸೆಲ್‌ನಷ್ಟು ಹೊತ್ತು) ಮುಂದೆ ಹೋಗಿರುತ್ತದೆ. ಇಡೀ ಯಂತ್ರ ನಿಂತಿರುವುದು ಈ ಲೆಕ್ಕದ ಮೇಲೆ. ನನ್ನ ಬೋರ್ಡ್‌ನಲ್ಲಿ ಇದ್ದದ್ದು 27 ಮೆಗಾಹರ್ಟ್ಸ್ ಕ್ರಿಸ್ಟಲ್. ಇದರಿಂದ ಪಿಪಿಯು ವೇಗ ಹೊರಡಿಸುವುದು ಹೇಗೆ ಅಂತ ಲೆಕ್ಕ ಹಾಕಿದರೆ ಖುಷಿಯ ವಿಷಯ ಸಿಕ್ಕಿತು: 27ನ್ನು 35ರಿಂದ ಗುಣಿಸಿ 176ರಿಂದ ಭಾಗಿಸಿದರೆ ಪಿಪಿಯು ವೇಗ ಚಾಚೂ ತಪ್ಪದೆ ಬರುತ್ತದೆ. ಎರಡೂ ಟಿವಿ ಲೋಕದಿಂದಲೇ ಬಂದ ಸಂಖ್ಯೆಗಳು, ಅದಕ್ಕೇ ಹೀಗೆ ಹೊಂದುತ್ತವೆ. ಹಾಗಾಗಿ ಬೇರೆ ಕ್ಲಾಕ್ ಮಾಡಲೇ ಇಲ್ಲ. ಒಂದು ಕೌಂಟರ್‌ಗೆ ಕ್ರಿಸ್ಟಲ್‌ನ ಪ್ರತಿ ಟಿಕ್‌ಗೂ 35 ಕೂಡಿಸುತ್ತೇನೆ. ಮೊತ್ತ 176 ಮುಟ್ಟಿದರೆ ಅಷ್ಟನ್ನು ಕಳೆದು, "ಈಗ ಒಂದು ಡಾಟ್ ಮುಂದೆ ಹೋಗು" ಎಂಬ ಎನೇಬಲ್ ಸಿಗ್ನಲ್ ಕೊಡುತ್ತೇನೆ. ಮೂರು ಡಾಟ್‌ಗೆ ಒಮ್ಮೆ ಪ್ರೊಸೆಸರ್‌ಗೆ ಎನೇಬಲ್. ಒಂದು ಡಾಟ್‌ಗೆ ಐದು ಟಿಕ್ ಸಿಗುವುದರಿಂದ ಇನ್ನೊಂದು ಲಾಭವೂ ಇದೆ. ಬ್ಲಾಕ್ ರ‍್ಯಾಮ್ ಕೇಳಿದ್ದನ್ನು ಒಂದು ಟಿಕ್ ತಡವಾಗಿ ಕೊಡುತ್ತದೆ. ಇಲ್ಲಿ ಆ ತಡ ಯಾರ ಗಮನಕ್ಕೂ ಬರುವುದಿಲ್ಲ.

ಮೊದಲು ಬರೆದದ್ದು ಪ್ರೊಸೆಸರ್. ಎನ್‌ಇಎಸ್‌ನ 2ಎ03 ಚಿಪ್ ಒಳಗಿರುವುದು 6502 ಎಂಬ ಹಳೇ ಪ್ರೊಸೆಸರ್, ಅದರ ದಶಮಾನ ಲೆಕ್ಕದ ಭಾಗ ಮಾತ್ರ ಕೆಲಸ ಮಾಡುವುದಿಲ್ಲ. ಕೆವಿನ್ ಹಾರ್ಟನ್ ಬರೆದ ನೆಸ್‌ಟೆಸ್ಟ್ ಎಂಬ ಪರೀಕ್ಷಾ ರೋಮ್ (ಆಟದಂತೆಯೇ ಓಡಿಸುವ ಫೈಲ್) ಇದೆ. ಜೊತೆಗೆ ಒಂದೊಂದು ಆದೇಶಕ್ಕೂ ಮುಂಚೆ ಯಾವ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ ಜಾಗದಲ್ಲಿ) ಏನಿರಬೇಕು ಅಂತ ಸಾಲು ಸಾಲಾಗಿ ಬರೆದ ಲಾಗ್ ಕೂಡ ಸಿಗುತ್ತದೆ. ನನ್ನ ವೆರಿಲಾಗ್ ಅನ್ನು ವೆರಿಲೇಟರ್ ಎಂಬ ಉಪಕರಣದಿಂದ ಸಿ++ಗೆ ತಿರುಗಿಸಿ, ಕಂಪ್ಯೂಟರ್‌ನಲ್ಲೇ ಓಡಿಸಿ, ಅದೇ ನಮೂನೆಯ ಲಾಗ್ ಬರೆಸಿದೆ. ಎರಡು ಫೈಲ್‌ಗಳ ನಡುವೆ ಮೊದಲ ವ್ಯತ್ಯಾಸ ಎಲ್ಲಿದೆಯೋ ಅಲ್ಲೇ ಕೆಲಸ. ಸರಿಮಾಡು, ಮತ್ತೆ ಓಡಿಸು. ತಲೆ ಜಾಸ್ತಿ ಓಡಿಸದೆ ಮಾಡಬಹುದಾದ ಕೆಲಸ ಇದು, ನನಗಂತೂ ಇಷ್ಟವಾಯಿತು.

ಆದರೆ ನೆಸ್‌ಟೆಸ್ಟ್ ಪಾಸಾದರೆ ಪ್ರೊಸೆಸರ್ ಮುಗಿಯಿತು ಅಂತಲ್ಲ. 6502 ಸುಮ್ಮನೆ ಕೂರುವ ಚಿಪ್ ಅಲ್ಲ. ಪ್ರತಿ ಸೈಕಲ್‌ನಲ್ಲೂ ಮೆಮೊರಿಯನ್ನು ಓದುತ್ತದೆ ಇಲ್ಲವೇ ಬರೆಯುತ್ತದೆ, ಬೇಕಿರಲಿ ಬಿಡಲಿ. ವಿಳಾಸಕ್ಕೆ ಇಂಡೆಕ್ಸ್ ಕೂಡಿಸುವಾಗ ಪುಟ (256 ಬೈಟ್‌ಗಳ ತುಂಡು) ದಾಟಿತು ಅನ್ನಿ, ಮೊದಲು ತಪ್ಪು ವಿಳಾಸ ಓದಿ ಆಮೇಲೆ ಸರಿಯಾದದ್ದನ್ನು ಓದುತ್ತದೆ. ಸಾಮಾನ್ಯ ಮೆಮೊರಿಯಾದರೆ ಇದರಿಂದ ಏನೂ ಆಗದು. ಎನ್‌ಇಎಸ್‌ನಲ್ಲಿ ಹಾಗಲ್ಲ, ಇಲ್ಲಿ ಕೆಲವು ವಿಳಾಸ ಓದಿದರೇ ಏನೋ ಬದಲಾಗಿಬಿಡುತ್ತದೆ. ಆಟದ ಪ್ಯಾಡ್ ಇರುವ ಹೆಕ್ಸ್ 4016 ವಿಳಾಸವನ್ನು ಒಮ್ಮೆ ಓದಿದರೆ ಒಂದು ಗುಂಡಿಯ ಬಿಟ್ ಹೊರಗೆ ಬಂದು, ಮುಂದಿನದು ಸರದಿಗೆ ಬರುತ್ತದೆ. ಧ್ವನಿ ಭಾಗ ತನ್ನ ಸ್ಯಾಂಪಲ್ ತರಲು ಪ್ರೊಸೆಸರನ್ನು ನಡುವೆ ತಡೆಯುವುದುಂಟು. ಪ್ಯಾಡ್ ಓದುವ ಹೊತ್ತಲ್ಲೇ ಹೀಗಾದರೆ ಒಂದು ಗುಂಡಿ ಕಳೆದುಹೋಗುತ್ತದೆ. ಅಸಲಿ ಯಂತ್ರದಲ್ಲೇ ಇರುವ ದೋಷ ಇದು. ಸೂಪರ್ ಮಾರಿಯೊ ಬ್ರದರ್ಸ್ 3 ಪ್ಯಾಡನ್ನು ಮತ್ತೆ ಮತ್ತೆ ಓದಿ, ಎರಡು ಸಲ ಒಂದೇ ಉತ್ತರ ಬಂದರೆ ಮಾತ್ರ ನಂಬುತ್ತದೆ. ಇಂಥ ದೋಷವನ್ನೂ ನಕಲು ಮಾಡಬೇಕಾ ಅಂದರೆ, ಹೌದು, ಮಾಡಬೇಕು. ಯಾವ ಆಟ ಯಾವ ದೋಷದ ಮೇಲೆ ನಿಂತಿದೆ ಅಂತ ಹೊರಗಿನಿಂದ ಹೇಳಲಾಗದು.

ಅತಿ ಹೆಚ್ಚು ಸಮಯ ತಿಂದದ್ದು ಪಿಪಿಯು, ಚಿಪ್‌ನ ಹೆಸರು 2ಸಿ02. ಇದಕ್ಕೆ ಫ್ರೇಮ್ ಬಫರ್ ಅಂತ ಇಲ್ಲವೇ ಇಲ್ಲ. ಇಡೀ ಚಿತ್ರ ಎಲ್ಲೂ ಸಂಗ್ರಹವಾಗುವುದಿಲ್ಲ. ಟಿವಿಯ ಕಿರಣ ಎಲ್ಲಿದೆಯೋ ಅಲ್ಲಿಗೆ ಬೇಕಾದ ಬಣ್ಣವನ್ನು ಆ ಕ್ಷಣಕ್ಕೆ ಲೆಕ್ಕ ಹಾಕಿ ಕೊಡುತ್ತದೆ. ಒಂದು ಸಾಲಿಗೆ 341 ಡಾಟ್, ಒಂದು ಫ್ರೇಮ್‌ಗೆ 262 ಸಾಲು. ಅದರಲ್ಲಿ ಕಾಣುವುದು 256 ಡಾಟ್, 240 ಸಾಲು. ಎಂಟು ಪಿಕ್ಸೆಲ್‌ನ ಒಂದು ತುಂಡಿಗೆ ನಾಲ್ಕು ಸಲ ಮೆಮೊರಿ ಓದುತ್ತದೆ, ಒಂದೊಂದಕ್ಕೆ ಎರಡು ಡಾಟ್: ಯಾವ ಟೈಲ್ (ಚಿತ್ರ ಕಟ್ಟುವ ಪುಟ್ಟ ಚೌಕ), ಯಾವ ಬಣ್ಣದ ಗುಂಪು, ಟೈಲ್‌ನ ಕೆಳ ಬಿಟ್‌ಗಳು, ಮೇಲಿನ ಬಿಟ್‌ಗಳು. ಇಷ್ಟನ್ನು ವೆರಿಲಾಗ್‌ನಲ್ಲಿ ಬರೆದರೆ ಒಂದು ಕೌಂಟರ್, ಒಂದು ಕೇಸ್ ಹೇಳಿಕೆ, ಎರಡು ಶಿಫ್ಟ್ ರಿಜಿಸ್ಟರ್ ಜೋಡಿ (ಬಿಟ್‌ಗಳನ್ನು ಒಂದೊಂದಾಗಿ ಸರಿಸಿ ಹೊರಗೆ ಕೊಡುವ ಭಾಗ), ಅಷ್ಟೇ. ಸಾಫ್ಟ್‌ವೇರ್‌ಗಿಂತ ಇಲ್ಲಿ ಬರೆಯುವುದು ಸುಲಭ ಅಂತ ನನಗೆ ಅನ್ನಿಸಿದ್ದು ಈ ಜಾಗದಲ್ಲಿ.

ಕಷ್ಟ ಶುರುವಾಗುವುದು ಸ್ಪ್ರೈಟ್‌ಗಳಲ್ಲಿ, ಅಂದರೆ ಹಿನ್ನೆಲೆಯ ಮೇಲೆ ಓಡಾಡುವ ಪುಟ್ಟ ಚಿತ್ರಗಳಲ್ಲಿ. ಒಂದು ಸಾಲಿನಲ್ಲಿ ಎಂಟೇ ಸ್ಪ್ರೈಟ್. ಒಂಬತ್ತನೆಯದು ಇದೆಯಾ ಅಂತ ಹುಡುಕುವ ಭಾಗ ಅಸಲಿ ಚಿಪ್‌ನಲ್ಲೇ ದಾರಿ ತಪ್ಪಿ ಬೇರೆ ಬೈಟ್‌ಗಳನ್ನು ನೋಡುತ್ತದೆ. ಇನ್ನು ಸ್ಪ್ರೈಟ್ ಸೊನ್ನೆಯ, ಅಂದರೆ ಮೊಟ್ಟಮೊದಲ ಸ್ಪ್ರೈಟ್‌ನ ಕಥೆಯೇ ಬೇರೆ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಮೇಲಿನ ಅಂಕದ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ, ಕೆಳಗಿನ ಲೋಕ ಮಾತ್ರ ಸರಿಯುತ್ತದೆ, ಅಲ್ವಾ? ಆದರೆ ಯಂತ್ರದಲ್ಲಿ ಸ್ಕ್ರೋಲ್ ಇರುವುದು ಒಂದೇ. ಅದಕ್ಕೆ ಆಟ ಏನು ಮಾಡುತ್ತದೆ ಅಂದರೆ, ಪಟ್ಟಿಯಲ್ಲಿರುವ ನಾಣ್ಯದ ಚಿತ್ರದ ಜಾಗದಲ್ಲೇ ಸ್ಪ್ರೈಟ್ ಸೊನ್ನೆಯನ್ನು ಬಚ್ಚಿಡುತ್ತದೆ. ಅದರ ಪಿಕ್ಸೆಲ್ ಹಿನ್ನೆಲೆಯ ಪಿಕ್ಸೆಲ್‌ಗೆ ತಾಗಿದ ಕೂಡಲೇ ಪಿಪಿಯು ಒಂದು ಬಿಟ್ ಎತ್ತುತ್ತದೆ. ಪ್ರೊಸೆಸರ್ ಆ ಬಿಟ್ ಬರುವವರೆಗೆ ಮೂರು ಆದೇಶಗಳ ಪುಟ್ಟ ಲೂಪ್‌ನಲ್ಲಿ ಸುತ್ತುತ್ತಿರುತ್ತದೆ: ಓದು, ಬಿಟ್ ನೋಡು, ಇಲ್ಲದಿದ್ದರೆ ಮತ್ತೆ ಓದು. ಒಂದು ಸುತ್ತಿಗೆ 9 ಸೈಕಲ್, ಅಂದರೆ 27 ಡಾಟ್. ಬಿಟ್ ಬಂದ ಮೇಲೆ ಇನ್ನಷ್ಟು ಕಾಯ್ದು, ಕಿರಣ ಸಾಲಿನ ಕೊನೆ ದಾಟುವ ಹೊತ್ತಿಗೆ ಸ್ಕ್ರೋಲ್ ಬದಲಿಸುತ್ತದೆ. ಪಿಪಿಯು ಆ ಬಿಟ್ಟನ್ನು ತಪ್ಪು ಹೊತ್ತಲ್ಲಿ ಎತ್ತಿದರೆ ಪಟ್ಟಿ ಅದುರುತ್ತದೆ. ಎತ್ತದೇ ಹೋದರೆ ಲೂಪ್ ಮುಗಿಯುವುದೇ ಇಲ್ಲ, ಆಟ ಮೊದಲ ಪರದೆಯಲ್ಲೇ ನಿಂತುಬಿಡುತ್ತದೆ. ಸ್ಪ್ರೈಟ್ ಭಾಗ ಬರೆಯದೆ ಈ ಆಟ ಹಾಕಿ ನೋಡುವವರಿಗೆಲ್ಲ ಸಿಗುವ ಮೊದಲ ದರ್ಶನ ಅದೇ.

ಪಿಪಿಯು ಮುಗಿಯುವವರೆಗೂ ನಾನು ಬೋರ್ಡ್ ಮುಟ್ಟಲಿಲ್ಲ. ಸಿಮ್ಯುಲೇಷನ್‌ನಲ್ಲೇ ಒಂದೊಂದು ಫ್ರೇಮ್ ಅನ್ನೂ ಚಿತ್ರದ ಫೈಲಾಗಿ ಬರೆಸಿ ನೋಡುತ್ತಿದ್ದೆ. ನಿಧಾನ, ನಿಜ. ಆದರೆ ಯಾವ ಡಾಟ್‌ನಲ್ಲಿ ಯಾವ ತಂತಿಯ ಮೇಲೆ ಏನಿತ್ತು ಅಂತ ಹಿಂದೆ ಮುಂದೆ ಹೋಗಿ ನೋಡಬಹುದು. ಬೋರ್ಡ್ ಮೇಲೆ ಆ ಸೌಲಭ್ಯ ಸಿಗದು. ಸಿಂಥೆಸಿಸ್‌ಗೆ (ವೆರಿಲಾಗ್ ಅನ್ನು ಚಿಪ್‌ಗೆ ಹೊಂದಿಸುವ ಹಂತಕ್ಕೆ) ಆತುರಪಡಬೇಡಿ ಅಂತ ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಬೋರ್ಡ್‌ಗೆ ಬಂದ ಮೇಲೆ ಎದುರಾದ ಪ್ರಶ್ನೆ ಎಚ್‌ಡಿಎಂಐ. ಎನ್‌ಇಎಸ್ ಸೆಕೆಂಡಿಗೆ 60.0988 ಫ್ರೇಮ್ ಕೊಡುತ್ತದೆ. ಟಿವಿ ಕೇಳುವುದು 60. ಇಡೀ ಫ್ರೇಮ್ ಮೆಮೊರಿಯಲ್ಲಿ ಇಟ್ಟು ತೋರಿಸಿದರೆ ಸುಮಾರು 10 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಬಿಟ್ಟುಹೋಗುತ್ತದೆ. ಪರದೆ ಸರಿಯುವಾಗ ಅದು ಜರ್ಕ್ ಹೊಡೆದಂತೆ ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ ಒಂದು ಫ್ರೇಮ್‌ನಷ್ಟು ತಡ. ಅದನ್ನು ತಪ್ಪಿಸೋಕೆ ತಾನೇ ನಾನು ಎಫ್‌ಪಿಜಿಎ ಹಿಡಿದದ್ದು?

720ಪಿ ಲೆಕ್ಕ ನೋಡಿದೆ. 240 ಸಾಲನ್ನು ಮೂರು ಮೂರು ಸಲ ತೋರಿಸಿದರೆ ಸರಿಯಾಗಿ 720. ಎನ್‌ಇಎಸ್‌ನ ಒಂದು ಸಾಲಿಗೆ 63.5 ಮೈಕ್ರೊಸೆಕೆಂಡ್ ಬೇಕು. 720ಪಿಯ ಮೂರು ಸಾಲಿಗೆ 66.7. ಎರಡೂ ಒಟ್ಟಿಗೆ ಹೊರಟರೆ, 240ನೇ ಸಾಲು ಮುಗಿಯುವ ಹೊತ್ತಿಗೆ ಕನ್ಸೋಲ್ ಸುಮಾರು 12 ಸಾಲು ಮುಂದೆ ಇರುತ್ತದೆ. ಅಷ್ಟೇ! ಹಾಗಾದರೆ 16 ಸಾಲಿನ ಸುತ್ತುವ ಬಫರ್ ಸಾಕು. 256 ಪಿಕ್ಸೆಲ್, ಒಂದಕ್ಕೆ 6 ಬಿಟ್, ಒಟ್ಟು 24 ಕಿಲೋಬಿಟ್. ಅತಿ ಹೆಚ್ಚು ಅಂದರೂ ತಡ ಒಂದು ಮಿಲಿಸೆಕೆಂಡ್ ಮುಟ್ಟುವುದಿಲ್ಲ.

ಆದರೆ ಪ್ರತಿ ಫ್ರೇಮ್‌ಗೂ ಎರಡೂ ಒಟ್ಟಿಗೇ ಹೊರಡಬೇಕು. ಕನ್ಸೋಲ್ ಫ್ರೇಮ್ 27 ಮೈಕ್ರೊಸೆಕೆಂಡ್‌ನಷ್ಟು ಬೇಗ ಮುಗಿಯುತ್ತದೆ. ಎಚ್‌ಡಿಎಂಐ ವೇಗವನ್ನೇ ಕೊಂಚ ಏರಿಸಬಹುದು, ಆದರೆ ಕೆಲವು ಟಿವಿಗಳು ಆ ಸಿಗ್ನಲ್ ಒಪ್ಪುವುದಿಲ್ಲ. ನಾನು ಮಾಡಿದ್ದು ಬೇರೆ: ಫ್ರೇಮ್ ಮುಗಿದ ಮೇಲೆ ಆ 27 ಮೈಕ್ರೊಸೆಕೆಂಡ್ ಎನೇಬಲ್ ಸಿಗ್ನಲ್ಲನ್ನೇ ತಡೆಹಿಡಿದೆ. ಪ್ರೊಸೆಸರ್, ಪಿಪಿಯು, ಧ್ವನಿ ಮೂರೂ ಇದ್ದಲ್ಲೇ ನಿಲ್ಲುತ್ತವೆ, ಎಚ್‌ಡಿಎಂಐ ಹೊಸ ಫ್ರೇಮ್ ಶುರುಮಾಡಿದಾಗ ಮುಂದುವರಿಯುತ್ತವೆ. ಒಳಗಿನ ಆಟಕ್ಕೆ ಕಾಲ ನಿಂತದ್ದೇ ತಿಳಿಯದು. ಒಟ್ಟು ವೇಗ 0.16 ಶೇಕಡಾದಷ್ಟು ಇಳಿಯುತ್ತದೆ, ಸಂಗೀತದ ಶ್ರುತಿ ಕಿವಿಗೆ ಗೊತ್ತಾಗುವಷ್ಟು ಬದಲಾಗುವುದಿಲ್ಲ. ಇದು ಅಸಲಿಗೆ ದ್ರೋಹ ಅನ್ನುವವರಿದ್ದಾರೆ. ಅವರ ಮಾತಲ್ಲೂ ಹುರುಳಿದೆ, ಆದರೆ ಜರ್ಕ್‌ಗಿಂತ ಇದೇ ವಾಸಿ ಅಂತ ನನ್ನ ತೀರ್ಮಾನ.

ಬಣ್ಣದ ವಿಷಯದಲ್ಲಿ ಸರಿ ಉತ್ತರ ಅಂತ ಒಂದಿಲ್ಲ. ಪಿಪಿಯು ಕೆಂಪು, ಹಸಿರು, ನೀಲಿ ಅಂತ ಬೇರೆ ಬೇರೆ ಕೊಡುವುದಿಲ್ಲ, ನೇರವಾಗಿ ಟಿವಿಯ ಕಾಂಪೊಸಿಟ್ ಸಿಗ್ನಲ್ ಹೊರಡಿಸುತ್ತದೆ. ಅದೇ ನೀಲಿ ಒಂದೊಂದು ಟಿವಿಯಲ್ಲಿ ಒಂದೊಂದು ಥರ ಕಾಣುತ್ತಿತ್ತು. 64 ಸಾಲಿನ ಒಂದು ಕೋಷ್ಟಕ ಇಟ್ಟುಕೊಂಡು, ಕಣ್ಣಿಗೆ ಹಿತ ಅನ್ನಿಸಿದ್ದನ್ನು ತುಂಬಿದೆ. ಧ್ವನಿಯಲ್ಲಿ ಐದು ಚಾನಲ್‌ಗಳನ್ನು ಸುಮ್ನೆ ಕೂಡಿಸಿದರೆ ಆಗದು. ಅಸಲಿ ಚಿಪ್‌ನಲ್ಲಿ ಒಂದು ಚಾನಲ್ ಜೋರಾದರೆ ಇನ್ನೊಂದು ತುಸು ಕುಗ್ಗುತ್ತದೆ, ಅದಕ್ಕೂ ಕೋಷ್ಟಕವೇ ಬೇಕು. ಪ್ಯಾಡ್ ಮಾತ್ರ ಏನೂ ಕಾಟ ಕೊಡಲಿಲ್ಲ. ಅಸಲಿ ಪ್ಯಾಡ್ ಒಳಗಿರುವುದು 4021 ಎಂಬ ಶಿಫ್ಟ್ ರಿಜಿಸ್ಟರ್, 3.3 ವೋಲ್ಟ್‌ನಲ್ಲೂ ಓಡುತ್ತದೆ. ಐದು ತಂತಿ ಜೋಡಿಸಿದರೆ ಮುಗಿಯಿತು.

ಸೂಪರ್ ಮಾರಿಯೊ ಬ್ರದರ್ಸ್‌ನಂಥ ಶುರುವಿನ ಆಟಗಳು 40 ಕಿಲೋಬೈಟ್, ಹಾಗೇ ಬ್ಲಾಕ್ ರ‍್ಯಾಮ್‌ನಲ್ಲಿ ಕೂರುತ್ತವೆ. ಮೊದಲ ಆಟ ಇಂಥದ್ದೇ ಇರಲಿ. ಆಮೇಲಿನ ದೊಡ್ಡ ಆಟಗಳಿಗೆ ಹೆಚ್ಚು ಮೆಮೊರಿ, ಅಂದರೆ ಎಸ್‌ಡಿರ‍್ಯಾಮ್ ಬೇಕು, ಜೊತೆಗೆ ಕಾರ್ಟ್ರಿಡ್ಜ್ ಒಳಗಿನ ಮ್ಯಾಪರ್ ಚಿಪ್‌ಗಳನ್ನೂ (ಆಟದ ಯಾವ ತುಂಡು ಕನ್ಸೋಲ್‌ಗೆ ಕಾಣಬೇಕು ಅಂತ ಬದಲಿಸುವವು) ಬರೆಯಬೇಕು. ಎಂಎಂಸಿ3 ಎಂಬ ಮ್ಯಾಪರ್ ಸಾಲುಗಳನ್ನು ಎಣಿಸುವ ರೀತಿ ಮಜವಾಗಿದೆ. ಪಿಪಿಯು ಅದಕ್ಕೆ "ಸಾಲು ಮುಗಿಯಿತು" ಅಂತ ಹೇಳುವುದಿಲ್ಲ. ಪಿಪಿಯು ಹಿನ್ನೆಲೆಯ ಟೈಲ್‌ನಿಂದ ಸ್ಪ್ರೈಟ್‌ನ ಟೈಲ್‌ಗೆ ಹೋದಾಗ ವಿಳಾಸದ ಎ12 ತಂತಿ ಮೇಲೇಳುತ್ತದೆ, ಅದನ್ನು ಕದ್ದು ನೋಡಿ ಎಣಿಸುತ್ತದೆ. ಪಿಪಿಯು ಮೆಮೊರಿ ಓದುವ ಹೊತ್ತನ್ನು ಡಾಟ್ ಡಾಟ್ ಲೆಕ್ಕದಲ್ಲಿ ಬರೆದದ್ದರಿಂದ ಎಂಎಂಸಿ3ಕ್ಕೆ ಹೊಸದಾಗಿ ಬರೆಯಬೇಕಾದದ್ದು ಕಡಿಮೆ. ಎಂಎಂಸಿ5 ಎಂಬ ಮ್ಯಾಪರ್ ಇನ್ನೂ ಮುಟ್ಟಿಲ್ಲ. ಅದರ ರಿಜಿಸ್ಟರ್ ಪಟ್ಟಿ ಓದುತ್ತಿದ್ದೇನೆ.