ಕಿತ್ತು ನೆಟ್ಟ ಸಂಪಿಗೆ ಹೂ ಬಿಟ್ಟಿತು

ದೊಡ್ಡ ಸಂಪಿಗೆ ಮರವನ್ನು ಕಿತ್ತು ನೆಟ್ಟರೆ ಬದುಕುವುದಿಲ್ಲ ಎಂದು ನಮ್ಮ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆ ನರ್ಸರಿ ನಡೆಸುವವರೆಲ್ಲ ಹೇಳುತ್ತಾರೆ. ನನ್ನ ಮುಖದ ಮೇಲೂ ಹೇಳಿದರು. ನಂದಿ ಬೆಟ್ಟದ ತಪ್ಪಲಿನ ತೋಟದ ಮನೆಗೆ ನಾನು ಸಾಗಿಸಿದ ಸಂಪಿಗೆ ಈಗ ಎರಡನೆಯ ವರ್ಷವೂ ಹೂ ಬಿಟ್ಟಿದೆ. ಆಲ, ಅತ್ತಿ, ದೇವಗಣಗಿಲೆ ಬದುಕಿಸಿದವರು ಬೇಕಾದಷ್ಟು ಜನರಿದ್ದಾರೆ. ಅವು ಕೊಂಬೆ ಊರಿದರೂ ಚಿಗುರುವ ಜಾತಿ. ಸಂಪಿಗೆಯ ಬೇರು ದಪ್ಪ, ಮೆದು, ಗಾಯವಾದರೆ ಬೇಗ ಕೊಳೆಯುತ್ತದೆ.

ಈ ಮರಕ್ಕೆ ಮೊದಲು ಗುತ್ತಿಗೆದಾರರ ಜೊತೆ ಗೌರಿಬಿದನೂರಿನ ಕಡೆ ಸಾಗಿಸಿದ್ದ ಸಂಪಿಗೆಗಳು ಒಣಗಿದವು. ಗುತ್ತಿಗೆದಾರರಿಗೆ ಆತುರ. ಬೆಳಿಗ್ಗೆ ಜೆಸಿಬಿ ತಂದು, ಮಧ್ಯಾಹ್ನ ಎತ್ತಿ, ಸಂಜೆಗೆ ನೆಟ್ಟು ಹಣ ಎಣಿಸಿಕೊಳ್ಳಬೇಕು. ಮರ ಒಣಗಿದ ಮೇಲೆ ನಾನು ಬುಡ ಬಿಡಿಸಿ ನೋಡಿದೆ. ಜೆಸಿಬಿಯ ಬಕೆಟ್ ಉಜ್ಜಿದ್ದ ಕಡೆ ಗುಂಡಿಯ ಗೋಡೆ ಗಾರೆ ಮೆತ್ತಿದಂತೆ ನುಣ್ಣಗಾಗಿತ್ತು. ನೀರು ಇಂಗದೆ ತಳದಲ್ಲೇ ನಿಂತಿತ್ತು. ಬೇರು ಕಪ್ಪಾಗಿ, ಬೆರಳಲ್ಲಿ ಹಿಚುಕಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಮರದ ಕಾಂಡಕ್ಕೆ ಬಿಸಿಲು ತಾಗದಿರಲೆಂದು ಗೋಣಿತಾಟು ಸುತ್ತಿ ಬಿಟ್ಟಿದ್ದರು. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಕೇಳಬೇಕೆ? ತಾಟು ಬಿಚ್ಚಿದಾಗ ಒಳಗೆ ತೊಗಟೆಯೇ ಇರಲಿಲ್ಲ. ಆ ಕೆಲಸಗಳಲ್ಲಿ ನನಗೆ ಬರಬೇಕಿದ್ದ ಮೂವತ್ತು ಸಾವಿರದಷ್ಟು ಹಣ ಇಂದಿಗೂ ಬಂದಿಲ್ಲ.

ಹಾಗಾಗಿ ಈ ಮರದ ಮಾಲೀಕರಿಗೆ ಮೊದಲೇ ಹೇಳಿದೆ: ಒಂದು ವರ್ಷ ಕೊಡಿ, ಇಲ್ಲದಿದ್ದರೆ ಬೇರೆಯವರನ್ನು ಕರೆಯಿರಿ. ಒಂದು ದಿನದ ಕೆಲಸಕ್ಕೆ ವರ್ಷವೇಕೆ ಎಂದು ಅವರು ರೇಗಿದರು. ಅರ್ಧ ಹಣ ಮರ ಹೂ ಬಿಟ್ಟ ಮೇಲೆ ಕೊಟ್ಟರೆ ಸಾಕು ಎಂದ ಮೇಲೆ ಒಪ್ಪಿದರು.

ಮರದ ಬುಡ ಸುಮಾರು ಆರು ಅಂಗುಲ ದಪ್ಪ. ಬೇರಿನ ಸಮೇತ ಎತ್ತಲು ಐದು ಅಡಿ ಅಗಲದ ಮಣ್ಣಿನ ಉಂಡೆ ಬೇಕು ಎಂದು ಲೆಕ್ಕ ಹಾಕಿದೆ. ಮೃಗಶಿರ ಮಳೆ ಬಿದ್ದ ಮೇಲೆ ಎದುರು ಬದುರಿನ ಎರಡು ಕಡೆ ಮಾತ್ರ ಕಂದಕ ತೆಗೆದು, ಬೇರುಗಳನ್ನು ಚೂಪಾದ ಗರಗಸದಿಂದ ಕತ್ತರಿಸಿದೆ. ಪಿಕಾಸಿಯಿಂದ ಜಜ್ಜಿದ ಬೇರು ಕೊಳೆಯುತ್ತದೆ, ಕತ್ತರಿಸಿದ ಬೇರು ಚಿಗುರುತ್ತದೆ. ಉಳಿದೆರಡು ಕಡೆ ಉತ್ತರೆ ಮಳೆಯಲ್ಲಿ. ಎತ್ತುವ ಮೊದಲೇ ಹೊಸ ಬೇರು ಬರಲೆಂದು ಕಂದಕಕ್ಕೆ ಮರಳು, ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ತುಂಬಿದೆ. ಪ್ರಮಾಣವನ್ನೂ, ಕತ್ತರಿಸಿದ ಬೇರಿನ ತುದಿಗೆ ಹಚ್ಚಿದ ಲೇಪವನ್ನೂ ಇಲ್ಲಿ ಬರೆಯುವುದಿಲ್ಲ; ಅದು ನನ್ನ ಹೊಟ್ಟೆಪಾಡು.

ಒಂದು ಬದಿಗೆ ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ಜೀವಾಮೃತ ಹಾಕಿ, ಇನ್ನೊಂದು ಬದಿಗೆ ಹಾಕದೆ ನೋಡಿದೆ. ಬೇರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಂಗೆ ಎಲೆ ಕೊಳೆಸಿ ಹಾಕಿದ ಮೂಲೆಯಲ್ಲಿ ಮಾತ್ರ ಬಿಳಿ ಬೇರು ದಟ್ಟವಾಗಿ ಬಂದಿತ್ತು. ಹಿಪ್ಪುನೇರಳೆ ಕಡ್ಡಿಯನ್ನು ಹೊದಿಕೆಯಾಗಿ ಹಾಕಿಯೂ ನೋಡಿದೆ. ಶಿಡ್ಲಘಟ್ಟದಲ್ಲಿ ಅದು ಬಿಟ್ಟಿ ಸಿಗುತ್ತದೆ, ಆದರೆ ಗೆದ್ದಲನ್ನು ಕರೆತರುತ್ತದೆ. ತೆಗೆದು ಹಾಕಿದೆ.

ಮರುವರ್ಷ ಜೂನ್‌ನಲ್ಲಿ ಎತ್ತಿದೆವು. ಉಂಡೆ ಎರಡು ಟನ್‌ಗೆ ಕಡಿಮೆ ಇರಲಿಲ್ಲ. ಹಗ್ಗವನ್ನು ಉಂಡೆಗೇ ಕಟ್ಟಿಸಿದೆ. ಕಾಂಡಕ್ಕೆ ಬಿಗಿದು ಎತ್ತಿದರೆ ತೊಗಟೆ ಕಿತ್ತುಬರುತ್ತದೆ. ಹೊಸ ಗುಂಡಿಯನ್ನು ಎರಡು ಪಟ್ಟು ಅಗಲ ಮಾಡಿ, ಗೋಡೆಯನ್ನು ಹಾರೆಯಿಂದ ಕೆರೆದು ಒರಟಾಗಿಸಿದೆ. ಆಳ ಮಾತ್ರ ಉಂಡೆಯಷ್ಟೇ. ಬೇರು ಕವಲೊಡೆಯುವ ಬುಡ ಮಣ್ಣಿನ ಮೇಲೆ ಕಾಣುತ್ತಿರಬೇಕು. ಕ್ರೇನ್, ಲಾರಿ, ಜೆಸಿಬಿ, ಆಳುಗಳ ಕೂಲಿ ಎಲ್ಲ ಸೇರಿ ಸುಮಾರು ನಲವತ್ತು ಸಾವಿರ ಬಿತ್ತು. ಹೆಚ್ಚಿನ ಪಾಲು ನುಂಗಿದ್ದು ಕ್ರೇನ್.

ಮೂರು ವಾರ ಕಳೆಯುವಷ್ಟರಲ್ಲಿ ಎಲೆಯೆಲ್ಲ ಉದುರಿತು. ಸೌದೆಗೆ ಎಷ್ಟಾಗುತ್ತದೆ ಎಂದು ಮಾಲೀಕರು ಫೋನ್ ಮಾಡಿ ಕೇಳಿದರು. ನಾನು ಹೋಗಿ ಕೊಂಬೆಯ ತೊಗಟೆಯನ್ನು ಉಗುರಿನಿಂದ ಗೀರಿ ಒಳಗಿನ ಹಸಿರು ತೋರಿಸಿದೆ. ಈ ಹಂತದಲ್ಲೇ ಹೆಚ್ಚಿನವರು ಮರವನ್ನು ಕೊಲ್ಲುತ್ತಾರೆ. ಎಲೆ ಬಿದ್ದ ಗಾಬರಿಗೆ ದಿನಾ ಪೈಪ್ ಬಿಡುತ್ತಾರೆ. ಎಲೆಯೇ ಇಲ್ಲದ ಮರ ನೀರನ್ನು ಕುಡಿಯುವುದಾದರೂ ಹೇಗೆ? ನಾನು ವಾಲ್ವ್‌ಗೆ ಬೀಗ ಹಾಕಿಸಿ ಕೀಲಿ ಜೇಬಿನಲ್ಲಿಟ್ಟುಕೊಂಡೆ. ಒಂದೂವರೆ ಅಡಿ ಕಬ್ಬಿಣದ ಸರಳನ್ನು ಉಂಡೆಯೊಳಕ್ಕೆ ಚುಚ್ಚಿ, ತುದಿಗೆ ಒದ್ದೆ ಮಣ್ಣು ಅಂಟದಿದ್ದರೆ ಮಾತ್ರ ನೀರು. ಹನಿ ಕೊಳವೆಯ ಸುತ್ತು ಉಂಡೆಯ ಮೇಲೇ ಇರಬೇಕು. ಸುತ್ತಲಿನ ಮಣ್ಣು ಕೆಸರಾಗಿದ್ದರೂ ಉಂಡೆ ಒಳಗೇ ಒಣಗಿರುವುದುಂಟು. ಕಾಂಡಕ್ಕೆ ತಾಟಿನ ಬದಲು ತಿಳಿ ಸುಣ್ಣ ಬಳಿದೆ. ಪಡುವಣ ಬಿಸಿಲಿಗೆ ಅಷ್ಟೇ ಸಾಕಾಯಿತು. ಗೊಬ್ಬರ ಒಂದು ಹಿಡಿಯೂ ಹಾಕಲಿಲ್ಲ.

ಹಸ್ತ ಮಳೆಯ ಹೊತ್ತಿಗೆ ಕೊಂಬೆಯ ತುದಿಯಲ್ಲಿ ಚಿಗುರು ಬಂತು. ಆದರೆ ಹಳದಿ ಚಿಗುರು, ನರ ಮಾತ್ರ ಹಸಿರು. ಇದು ನಮ್ಮ ಕೊಳವೆಬಾವಿಯ ಗಡಸು ನೀರಿನ ಕಾಟ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಕೃಷಿ ಹೊಂಡದ ಮಳೆನೀರಿಗೆ ಬದಲಾಯಿಸಿದೆ. ಲೀಟರಿಗೆ ಐದು ಗ್ರಾಂನಷ್ಟು ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಎರಡು ಮೂರು ಸಲಕ್ಕೇ ಬಣ್ಣ ತಿರುಗಿತು.

ಮಾತು ಹೊರಟಿತೆಂದು ಹೇಳುತ್ತೇನೆ, ಅದೇ ತೋಟದ ದೇವಗಣಗಿಲೆಗೆ ಇದರ ಪೂರ್ತಿ ತದ್ವಿರುದ್ಧ ಉಪಚಾರ ಮಾಡಿದೆ. ಕಿತ್ತ ಮೇಲೆ ಹತ್ತು ದಿನದಷ್ಟು ನೆರಳಿನಲ್ಲಿ ಒರಗಿಸಿಟ್ಟು, ಗಾಯದ ಹಾಲು ಆರಿದ ಮೇಲೆ ನೆಟ್ಟೆ. ಒಂದು ಕೊಂಬೆಯೂ ಕೊಳೆಯಲಿಲ್ಲ.

ಸಂಪಿಗೆಗೆ ಕಟ್ಟಿದ್ದ ಆಧಾರದ ತಂತಿಗಳನ್ನು ಎರಡನೆಯ ಮಳೆಗಾಲ ಮುಗಿದ ಮೇಲೆ ಬಿಚ್ಚಿದೆ. ಶ್ರಾವಣದಲ್ಲಿ ಹೂ ಬಂದ ವಾರವೇ ಬಾಕಿ ಹಣ ಪೂರ್ತಿ ಕೈಸೇರಿತು. ಬದುಕುವುದಿಲ್ಲ ಎಂದಿದ್ದ ನರ್ಸರಿಯವರೊಬ್ಬರು ಈಗ ತಮ್ಮ ಗಿರಾಕಿಯ ಕಕ್ಕೆ ಮರವನ್ನು ನನಗೆ ಒಪ್ಪಿಸಿದ್ದಾರೆ. ಅದರ ತಾಯಿಬೇರು ನೇರ ಕೆಳಗಿಳಿಯುತ್ತದೆ, ಕೆಲಸ ಇನ್ನೂ ಕಷ್ಟ. ಮೊದಲ ಎರಡು ಕಂದಕ ತೆಗೆದಾಗಿದೆ. ಉಳಿದೆರಡು ಉತ್ತರೆ ಮಳೆಗೆ.