ಮಳೆಗಾಲಕ್ಕೆ ಡ್ರೋನ್ ಬ್ಯಾಟರಿ ಎತ್ತಿಡುವ ಮುನ್ನ

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ಡ್ರೋನ್ ಪೆಟ್ಟಿಗೆ ಸೇರಿತೆಂದೇ ಅರ್ಥ. ಕಳೆದ ಜೂನ್‌ನಲ್ಲಿ ನಾನು ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಅಟ್ಟದ ಮೇಲಿಟ್ಟೆ, ಬೇಕೆಂದಾಗ ಸಿದ್ಧವಿರಲಿ ಎಂದು. ದೀಪಾವಳಿಗೆ ತೆಗೆದರೆ ಒಂದು ಬ್ಯಾಟರಿ ಕರಿದ ಹಪ್ಪಳದಂತೆ ಉಬ್ಬಿತ್ತು. ಡ್ರೋನ್‌ನೊಳಗೆ ಕೂರಲೇ ಇಲ್ಲ.

ಡ್ರೋನ್‌ಗಳಲ್ಲಿರುವ ಲಿಥಿಯಂ ಪಾಲಿಮರ್ ಬ್ಯಾಟರಿಗೆ ತುಂಬಿದ ಹೊಟ್ಟೆಯೂ ಆಗದು, ಬರಿಹೊಟ್ಟೆಯೂ ಆಗದು. ವಾರಗಟ್ಟಲೆ ಹಾರಿಸುವುದಿಲ್ಲವಾದರೆ ಅರ್ಧ ಚಾರ್ಜ್‌ನಲ್ಲಿಡಿ. ಅಂದರೆ ಬ್ಯಾಟರಿಯೊಳಗಿನ ಪ್ರತಿ ಸೆಲ್‌ಗೆ 3.8 ವೋಲ್ಟ್ ಆಸುಪಾಸು. ಚಾರ್ಜರ್‌ನಲ್ಲಿ ‘ಸ್ಟೋರೇಜ್’ ಆಯ್ಕೆಯಿದ್ದರೆ ಅದೇ ಆ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಕೆಲವು ಸ್ಮಾರ್ಟ್ ಬ್ಯಾಟರಿಗಳು ಕೆಲವು ದಿನಗಳ ನಂತರ ತಾವಾಗಿಯೇ ಚಾರ್ಜ್ ಇಳಿಸಿಕೊಳ್ಳುತ್ತವೆ. ಆಗ ತುಸು ಬೆಚ್ಚಗಾಗುತ್ತವೆ, ಗಾಬರಿ ಬೇಡ. ತಿಂಗಳಿಗೊಮ್ಮೆ ಮಟ್ಟ ನೋಡುತ್ತಿರಿ.

ಹಾರಿಸಿ ತಂದ ಬಿಸಿ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ಆರಲಿ. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆಂದು ಇಡುವವರೂ ಇದ್ದಾರೆ, ದಯವಿಟ್ಟು ಬೇಡ. ಬೆಂಕಿ ತಡೆಯುವ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ತಂಪಾದ ಒಣ ಜಾಗದಲ್ಲಿಡಿ. ಕಾರವಾರ, ಕುಮಟಾ ಕಡೆಯವರು ಉಪ್ಪುಗಾಳಿಗೆ ತಾಮ್ರದ ತುದಿ ಕಿಲುಬು ಹಿಡಿಯದಂತೆ ಒಣಬಟ್ಟೆಯಿಂದ ಒರೆಸಿಯೇ ಎತ್ತಿಡಿ.

ಉಬ್ಬಿದ್ದನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.